ಮೂರನೇ ಸಲವೂ ಸೋರಿದ ಆಯಿಲ್ ಸೀಲ್

ಕಳೆದ ಬೇಸಿಗೆ ರಜೆಯಲ್ಲಿ ಮಾಮನ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೆ. ನಿವೃತ್ತ ಮೇಷ್ಟ್ರೊಬ್ಬರ ಹಳೆಯ ಪೆಟ್ರೋಲ್ ಕಾರು ಬಂತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ಮೊದಲ ಸೀಲ್ ಸೋರಿದಾಗ ಬೇರೆ ಕಡೆ ಹೊಸದು ಹಾಕಿಸಿದ್ದರಂತೆ. ಎರಡೇ ತಿಂಗಳಲ್ಲಿ ಅದೂ ಸೋರಿತು. ಮಾಮ ಗೇರ್‌ಬಾಕ್ಸ್ ಇಳಿಸಿ, ಕ್ಲಚ್, ಫ್ಲೈವೀಲ್ ಬಿಚ್ಚಿದರು. ಹೊಸ ಸೀಲ್ ಕೂರಿಸುವ ಕೆಲಸವನ್ನು ನನಗೆ ಕೊಟ್ಟರು. ಮೂರು ವಾರಕ್ಕೆ ಕಾರು ವಾಪಸ್ ಬಂತು. ಅದೇ ಜಾಗ, ಅದೇ ಹನಿ.

ಸೀಲಿನ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಆದರೆ ಅದರ ತನಕ ಕೈ ಹೋಗಬೇಕಾದರೆ ಒಂದು ದಿನದ ಕೂಲಿ. ಮೇಷ್ಟ್ರು ಏನೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಮಾಮ ಒಂದೇ ಮಾತು ಕೇಳಿದರು: "ಕೂರಿಸುವಾಗ ತುಟಿ ಮಡಚಿತ್ತಾ?" ಮಡಚಿರಲಿಲ್ಲ ಎಂದೆ. ಆದರೆ ಖಾತ್ರಿ ನನಗೇ ಇರಲಿಲ್ಲ.

ಸೀಲ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ಹೇಳುತ್ತೇನೆ. ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ತುದಿ ಎಂಜಿನ್ನಿನಿಂದ ಹೊರಗೆ ಬರುವ ಕಡೆ ರಬ್ಬರಿನ ಒಂದು ಬಳೆ ಇರುತ್ತದೆ. ಅದರ ಒಳ ಅಂಚಿನ ತೆಳು ತುಟಿ ಶಾಫ್ಟನ್ನು ಸವರಿಕೊಂಡಿರುತ್ತದೆ. ಅನೇಕ ಸೀಲುಗಳಲ್ಲಿ ತುಟಿಯನ್ನು ಒತ್ತಿ ಹಿಡಿಯಲು ಹಿಂದೆ ಒಂದು ಸಣ್ಣ ಸ್ಪ್ರಿಂಗ್ ಸುತ್ತಿರುತ್ತದೆ. ಶಾಫ್ಟಿನ ವ್ಯಾಸ 80 ಮಿಲಿಮೀಟರ್ ಇದೆ ಎಂದುಕೊಳ್ಳಿ. ನಿಮಿಷಕ್ಕೆ 3000 ಸುತ್ತು ಎಂದರೆ ಸೆಕೆಂಡಿಗೆ 50 ಸುತ್ತು. ಆಗ ತುಟಿಯ ಕೆಳಗೆ ಲೋಹ ಸೆಕೆಂಡಿಗೆ ಸುಮಾರು 12.5 ಮೀಟರ್, ಅಂದರೆ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ತುಟಿ ಅಲ್ಲಿ ಬದುಕುವುದು ಅದರ ಕೆಳಗಿನ ತೆಳುವಾದ ಆಯಿಲ್ ಪದರದಿಂದ. ಹೆಚ್ಚು ಒತ್ತಿದರೆ ಅದು ಸುಟ್ಟು ಗಟ್ಟಿಯಾಗುತ್ತದೆ.

ಈ ಸಲ ಮಾಮ ಗೇರ್‌ಬಾಕ್ಸಿಗೆ ಕೈ ಹಚ್ಚಲಿಲ್ಲ. ಮೊದಲು ಎಂಜಿನ್ನಿನ ಹಿಂಭಾಗ ಪೂರ್ತಿ ತೊಳೆಸಿ, ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿದರು. ಆಯಿಲ್ ಮೇಲಿನ ವಾಲ್ವ್ ಕವರಿನಿಂದಲೋ, ಆಯಿಲ್ ಪ್ರೆಶರ್ ಸ್ವಿಚ್ಚಿನಿಂದಲೋ ಇಳಿದು ಕೆಳಗೆ ತೊಟ್ಟಿಕ್ಕಿದರೂ ನೋಡುವವರಿಗೆ ಸೀಲೇ ಸೋರಿದಂತೆ ಕಾಣುತ್ತದೆ. ಎಷ್ಟೋ ಒಳ್ಳೆಯ ಸೀಲುಗಳು ಹೀಗೆ ಸುಮ್ಮನೆ ಕಸದ ಬುಟ್ಟಿ ಸೇರಿವೆ ಎಂದು ಮಾಮ ಹೇಳುತ್ತಾರೆ. ಅರ್ಧ ಗಂಟೆ ಓಡಿಸಿ ನೋಡಿದೆವು. ಮೇಲೆ ಪೌಡರ್ ಒಣಗಿಯೇ ಇತ್ತು. ಒದ್ದೆಯಾದದ್ದು ಕೆಳಗೆ, ಗೇರ್‌ಬಾಕ್ಸ್ ಕೂಡುವ ಕಡೆ ಮಾತ್ರ. ಗೇರ್ ಆಯಿಲಿನ ಗಂಧಕದಂಥ ವಾಸನೆಯೂ ಇರಲಿಲ್ಲ. ಅಂದರೆ ಎಂಜಿನ್ ಆಯಿಲೇ, ಸೀಲಿನಿಂದಲೇ. ನನ್ನ ಎದೆ ಧಸಕ್ಕೆಂದಿತು.

ಆಮೇಲೆ ಮಾಮ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ಕಾಗದದ ಚೂರು ಇಟ್ಟರು. ಐಡಲಿನಲ್ಲಿ ಅದು ಮೆಲ್ಲಗೆ ಒಳಗೆ ಎಳೆದುಕೊಳ್ಳಬೇಕು. ನಮ್ಮದು ಹಾರಿ ಬಿತ್ತು. ಮುಚ್ಚಳದ ಒಳಗಡೆ ಬೆಣ್ಣೆಯಂಥ ಕಂದು ಲೇಪ. ಮೇಷ್ಟ್ರು ದಿನಾ ಓಡಿಸುವುದು ಮೂರು ಕಿಲೋಮೀಟರ್. ಎಂಜಿನ್ ಸರಿಯಾಗಿ ಬಿಸಿಯಾಗದೆ ನೀರಾವಿ ಆಯಿಲಿನಲ್ಲೇ ಬೆರೆತು ಹೀಗಾಗುತ್ತದೆ.

ಎಂಜಿನ್ನಿನ ಉಸಿರಾಟದ ವಿಷಯ ಬರುವುದು ಇಲ್ಲಿಯೇ. ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಒತ್ತಡ ವಾಯುಮಂಡಲದ ಹಲವು ಹತ್ತು ಪಟ್ಟು ಏರುತ್ತದೆ. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಅನಿಲ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದನ್ನು ಹೊರಗೆಳೆಯಲು ಪಿಸಿವಿ ಎಂಬ ವಾಲ್ವ್ ಇದೆ. ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತ ಅದರ ಮೂಲಕ ಅನಿಲವನ್ನು ಹೀರಿ ಮತ್ತೆ ಉರಿಸುತ್ತದೆ. ಏರ್ ಫಿಲ್ಟರಿನ ಕಡೆಯಿಂದ ಇನ್ನೊಂದು ಹೋಸ್ ತಾಜಾ ಗಾಳಿ ತರುತ್ತದೆ. ವಾಲ್ವ್ ಮಾತ್ರ ಕಟ್ಟಿದರೆ ಅನಿಲ ಈ ಹೋಸಿನಲ್ಲಿ ಹಿಂದಕ್ಕೆ ಹೋಗಿ ಫಿಲ್ಟರನ್ನು ಎಣ್ಣೆಮಯ ಮಾಡುತ್ತದೆ. ಎರಡೂ ಕಟ್ಟಿದರೆ ಅದು ಸೀಲಿನ ತುಟಿಯನ್ನೇ ತಳ್ಳಬೇಕು. ಒಳಗಿನ ಒತ್ತಡ ತುಟಿಯನ್ನು ಶಾಫ್ಟಿಗೆ ಇನ್ನಷ್ಟು ಅಮುಕುವುದರಿಂದ ಹೊಸ ಸೀಲ್ ಕೂಡಲೇ ಸೋರುವುದಿಲ್ಲ. ಮೊದಲು ಕಾಯ್ದು ಸವೆಯುತ್ತದೆ, ಕೆಲವು ವಾರ ಬಿಟ್ಟು ಸೋರುತ್ತದೆ.

ಒತ್ತಡ ಎಷ್ಟೆಂದು ಅಳೆಯೋಣ ಎಂದೆ. ಪ್ರಥಮ ಪಿಯುಸಿಯಲ್ಲಿ ಕಲಿತ ಮ್ಯಾನೋಮೀಟರ್ ನೆನಪಾಯಿತು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಹಲಗೆಯ ಮೇಲೆ ಯು ಆಕಾರದಲ್ಲಿ ಬಿಗಿದು, ಅರ್ಧಕ್ಕೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಜೋಡಿಸಿದೆ. (ಮಾಡಿ ನೋಡುವವರು ಎಂಜಿನ್ ಕಡೆಯ ತೋಳನ್ನು ಎತ್ತರವಾಗಿಯೇ ಇಡಿ, ಎಂಜಿನ್ ನೀರು ಕುಡಿಯಬಾರದು.) ಐಡಲಿನಲ್ಲಿ ಎರಡು ಮಟ್ಟಗಳ ಅಂತರ 14 ಸೆಂಟಿಮೀಟರ್. ಎತ್ತರ, ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಗುಣಿಸಿದರೆ ಸುಮಾರು 1370 ಪ್ಯಾಸ್ಕಲ್. ಮಾಮ ಆಕ್ಸಿಲರೇಟರ್ ಒತ್ತಿದರು. 60 ಸೆಂಟಿಮೀಟರ್ ದಾಟಿ ಕೆಂಪು ನೀರು ನನ್ನ ಅಂಗಿಯ ಮೇಲೆ! ಅಂದರೆ 5900 ಪ್ಯಾಸ್ಕಲ್, ವಾಯುಮಂಡಲದ ಒತ್ತಡದ ಶೇಕಡ 6ರಷ್ಟು. ಸಿಲಿಂಡರಿಗೆ ಅದು ಲೆಕ್ಕಕ್ಕಿಲ್ಲ, ತೆಳು ತುಟಿಗೆ ಬಹಳ.

ಪಿಸಿವಿ ವಾಲ್ವ್ ಅಲುಗಾಡಿಸಿದರೆ ಟಕಟಕ ಸದ್ದು ಬರಬೇಕು, ಬರಲಿಲ್ಲ. ಜಿಡ್ಡು ಕಟ್ಟಿ ಅಂಟಿಹೋಗಿತ್ತು. ತಾಜಾ ಗಾಳಿಯ ಹೋಸನ್ನು ಯಾರೋ ಯಾವುದೋ ಮೆತ್ತನೆಯ ಪೈಪಿನಿಂದ ಬದಲಿಸಿದ್ದರು. ಅದು ತಿರುವಿನಲ್ಲಿ ಮಡಚಿ ಮುಚ್ಚಿಕೊಂಡಿತ್ತು. ಎರಡನ್ನೂ ಬದಲಿಸಿ ಮತ್ತೆ ಅಳೆದೆವು. ಈಗ ಐಡಲಿನಲ್ಲಿ ನೀರು ಎಂಜಿನ್ ಕಡೆಗೇ 2 ಸೆಂಟಿಮೀಟರ್ ಏರಿತು. ಇಷ್ಟು ಮಾಡಿದರೂ ಒತ್ತಡ ಇಳಿಯದಿದ್ದರೆ ರಿಂಗುಗಳೇ ಸವೆದಿವೆಯೋ ಎಂದು ಕಂಪ್ರೆಶನ್ ಪರೀಕ್ಷೆ ಮಾಡಬೇಕಿತ್ತು. ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರವವನ್ನು ಹಾಕೋಣವೇ ಎಂದು ಮೇಷ್ಟ್ರು ಕೇಳಿದ್ದರು. ಅದು ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಒತ್ತಡಕ್ಕೆ ಅದು ಮದ್ದಲ್ಲ.

ಸವೆದ ಸೀಲ್ ಮಾತ್ರ ಬದಲಿಸಲೇಬೇಕಿತ್ತು. ಗೇರ್‌ಬಾಕ್ಸ್ ಇಳಿಸಿದಾಗ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದೆವು. ಗೀರು ಸಿಗಲಿಲ್ಲ. ಸಿಕ್ಕಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಬೇಕು, ಇಲ್ಲವೆ ಶಾಫ್ಟಿಗೆ ತೆಳು ತೋಳು ತೊಡಿಸಬೇಕು. ಶಾಫ್ಟನ್ನು ಮೇಲೆ ಕೆಳಗೆ ಅಲುಗಾಡಿಸಿಯೂ ನೋಡಿದೆವು, ಬೇರಿಂಗ್ ಗಟ್ಟಿಯಾಗಿತ್ತು.

ನಾನು ಕೂರಿಸಿದ್ದ ಸೀಲನ್ನು ಮಾಮ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದರು. ತುಟಿ ಗಟ್ಟಿಯಾಗಿ ಹೊಳೆಯುತ್ತಿತ್ತು. ಆದರೆ ಎಲ್ಲೂ ಮಡಚಿರಲಿಲ್ಲ, ಹರಿದಿರಲಿಲ್ಲ. ಏನೂ ಹೇಳದೆ ಹೊಸ ಸೀಲಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು.

ಕೂಲಿಯಲ್ಲಿ ಅರ್ಧವನ್ನು ಮಾಮ ಬಿಟ್ಟರು. ಎರಡನೇ ಸಲ ಬಿಚ್ಚುವ ಮೊದಲೇ ಕಾಗದದ ಚೂರು ಇಟ್ಟು ನೋಡಬೇಕಿತ್ತು ಎಂದು ಮೇಷ್ಟ್ರ ಎದುರೇ ಒಪ್ಪಿಕೊಂಡರು. ಐದು ತಿಂಗಳಾಯಿತು, ಕಾರಿನ ಕೆಳಗಿನ ನೆಲ ಒಣಗಿದೆ. ಯು ಕೊಳವೆಯ ಹಲಗೆ ಗ್ಯಾರೇಜಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ನೀರಿನ ಬಣ್ಣ ಮಾತ್ರ ಮಾಸಿದೆ.