‘ಆರ್ಕಿಡ್’: ಒಂದು ಶೋಕಸಂಗೀತದ ಪರಿಶೀಲನೆ

ಕಿವಿಗೆ ಹಿತವಾದುದು ಸಂಗೀತ, ಹಿತವಲ್ಲದುದು ಗದ್ದಲ ಎಂಬುದು ನಮ್ಮಲ್ಲಿ ಸಾಮಾನ್ಯವಾದ ಅಭಿಪ್ರಾಯ. ನಾನೂ ಕೆಲವು ಕಾಲ ಹಾಗೆಯೇ ತಿಳಿದಿದ್ದೆನು. ಆದರೆ ಕರುಣ, ಭಯಾನಕ, ಬೀಭತ್ಸಗಳನ್ನೂ ರಸಗಳೆಂದೇ ಎಣಿಸಿದ ನಮ್ಮ ಪ್ರಾಚೀನ ಲಾಕ್ಷಣಿಕರು ಈ ಮಾತನ್ನು ಒಪ್ಪುತ್ತಿದ್ದರೆ ಎಂಬ ಸಂದೇಹ ಈಚೆಗೆ ನನಗುಂಟಾಗಿದೆ. ಇದಕ್ಕೆ ಕಾರಣ, ಸ್ವೀಡನ್ ದೇಶದ ‘ಓಪೆತ್’ ಎಂಬ ತಂಡದ ನಾಲ್ವರು ತರುಣರು ೧೯೯೫ರಲ್ಲಿ ಹೊರತಂದ ‘ಆರ್ಕಿಡ್’ ಎಂಬ ಚೊಚ್ಚಲ ಆಲ್ಬಂ. ಅದನ್ನು ಕುರಿತು ನಾನು ತಿಳಿದುಕೊಂಡಷ್ಟನ್ನು ವಾಚಕರ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ಮೊದಲು ಈ ಸಂಗೀತದ ಮೂಲವನ್ನು ನೋಡೋಣ. ಇದರಲ್ಲಿ ಮೂರು ಹೊಳೆಗಳು ಕೂಡಿವೆ. ಮೊದಲನೆಯದು ಹೆವಿ ಮೆಟಲ್. ಇದು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ಊರಿನಲ್ಲಿ. ಟೋನಿ ಐಯೋಮಿ ಎಂಬ ಹುಡುಗ ತನ್ನ ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡನು. ಅವನು ಎಡಗೈಯಿಂದ ಗಿಟಾರು ಮೀಟುವವನು. ತಂತಿಗಳನ್ನು ಒತ್ತಬೇಕಾದುದು ಬಲಗೈಯ ಬೆರಳುಗಳೇ. ಅವನು ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಬಿಗಿದು, ಮತ್ತೆ ನುಡಿಸಿದನು. ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಂ ೧೯೭೦ರ ಫೆಬ್ರವರಿ ೧೩ರಂದು ಹೊರಬಂದಿತು. ಭಾರವಾದ, ನಿಧಾನವಾದ, ಮಂದ್ರಸ್ಥಾಯಿಯ ಆ ನಾದದಿಂದಲೇ ಮೆಟಲ್ ಸಂಗೀತ ಮೊದಲಾಯಿತೆಂದು ಹಲವರು ಎಣಿಸುತ್ತಾರೆ.

ಎರಡನೆಯ ಹೊಳೆ ‘ಪ್ರೊಗ್ರೆಸಿವ್’ ಎಂಬುದು. ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂಬ ಮೂರು ನಾಲ್ಕು ನಿಮಿಷಗಳ ಕಟ್ಟನ್ನು ಮುರಿದು, ಒಂದೊಂದು ಕೃತಿಯನ್ನೂ ದೀರ್ಘವಾಗಿ, ಹಲವು ಲಯಗಳಲ್ಲಿ ಬೆಳೆಸುವ ಪದ್ಧತಿ ಅದು. ೧೯೬೯ರಲ್ಲಿ ಬಂದ ‘ಕಿಂಗ್ ಕ್ರಿಮ್ಸನ್’ ತಂಡದ ಮೊದಲ ಆಲ್ಬಂ ಇದಕ್ಕೆ ಪ್ರಸಿದ್ಧವಾದ ಉದಾಹರಣೆ.

ಮೂರನೆಯದು ‘ಗಾಥಿಕ್’. ಈ ಶಬ್ದದ ಚರಿತ್ರೆ ಸ್ವಾರಸ್ಯವಾಗಿದೆ. ರೋಮನ್ ಸಾಮ್ರಾಜ್ಯದ ಮೇಲೆ ದಾಳಿ ಮಾಡಿದ ಗಾಥ್ ಎಂಬ ಜನಾಂಗದ ಹೆಸರನ್ನು, ಇಟಲಿಯ ಪುನರುಜ್ಜೀವನ ಕಾಲದ ವಿದ್ವಾಂಸರು ಮೊನೆಗಮಾನುಗಳ ಎತ್ತರದ ಹಳೆಯ ದೇವಾಲಯಗಳಿಗೆ ಬೈಗುಳವಾಗಿ ಹಚ್ಚಿದರು. ಮುಂದೆ ೧೭೬೪ರಲ್ಲಿ ಹೊರೇಸ್ ವಾಲ್ಪೋಲನು ಹಳೆಯ ಕೋಟೆ, ಶಾಪ, ಭೀತಿಗಳನ್ನು ಹೆಣೆದು ಒಂದು ಕಾದಂಬರಿ ಬರೆದಾಗ, ಅಂಥ ಸಾಹಿತ್ಯಕ್ಕೂ ಅದೇ ಹೆಸರು ಬಂದಿತು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಊರಿನ ‘ಪ್ಯಾರಡೈಸ್ ಲಾಸ್ಟ್’ ಎಂಬ ತಂಡ ತನ್ನ ೧೯೯೧ರ ಆಲ್ಬಮಿಗೆ ‘ಗಾಥಿಕ್’ ಎಂದೇ ಹೆಸರಿಟ್ಟಿತು. ‘ಗಾಥಿಕ್ ಮೆಟಲ್’ ಎಂಬ ಮಾತು ರೂಢಿಯಾದುದಕ್ಕೆ ಅದು ಮುಖ್ಯ ಕಾರಣ. ಬೈಗುಳವಾಗಿ ಹುಟ್ಟಿದ ಶಬ್ದ ಹೀಗೆ ಬಿರುದಾಯಿತು.

‘ಆರ್ಕಿಡ್’ ಅನ್ನು ಶುದ್ಧ ಗಾಥಿಕ್ ಎಂದು ಕರೆಯಲಾಗದು. ಆದರೆ ಮಂಜು, ಅಳುವ ಚಂದ್ರ, ಅಕ್ಟೋಬರಿನ ಕಾಡು, ಮುಸ್ಸಂಜೆ ಎಂದು ಅದರ ಗೀತೆಗಳ ಹೆಸರುಗಳನ್ನು ನೋಡಿದರೇ ಆ ನೆರಳು ತಿಳಿಯುತ್ತದೆ. ಮಿಕಾಯೆಲ್ ಓಕರ್‌ಫೆಲ್ಟ್, ಪೀಟರ್ ಲಿಂಡ್‌ಗ್ರೆನ್, ಯೋಹಾನ್ ಡಿ ಫರ್ಫಾಲ್ಲ, ಆಂಡರ್ಸ್ ನೂರ್ಡಿನ್ ಎಂಬವರು ಇದನ್ನು ೧೯೯೪ರ ವಸಂತದಲ್ಲಿ ಫಿನ್‌ಸ್ಪೊಂಗ್ ಎಂಬ ಊರಿನ ಸ್ಟುಡಿಯೋದಲ್ಲಿ, ಡಾನ್ ಸ್ವಾನೊ ಎಂಬ ಸಂಗೀತಗಾರನ ನೆರವಿನಿಂದ ಧ್ವನಿಮುದ್ರಿಸಿದರು. ಗೀತೆಗಳನ್ನು ಹಾಡಿದ ಓಕರ್‌ಫೆಲ್ಟನು ಹುಟ್ಟಿದ್ದು ೧೯೭೪ರ ಏಪ್ರಿಲಿನಲ್ಲಿ. ಎಂದರೆ, ಆಗ ಅವನಿಗೆ ಈಗ ನನಗಿರುವಷ್ಟೇ ವಯಸ್ಸು.

ಆಲ್ಬಮಿನಲ್ಲಿರುವುದು ಏಳೇ ಕೃತಿಗಳು. ಕಾಲ ಮಾತ್ರ ಅರವತ್ತು ನಿಮಿಷಕ್ಕೂ ಮಿಕ್ಕುತ್ತದೆ. ಮೊದಲನೆಯ ಗೀತೆಯೇ ಹದಿನಾಲ್ಕು ನಿಮಿಷ. ಎರಡು ಗಿಟಾರುಗಳು ಒಂದೇ ಧಾಟಿಯನ್ನು ಬೇರೆ ಬೇರೆ ಎತ್ತರಗಳಲ್ಲಿ ಹಿಡಿದು, ಜೋಡೆತ್ತುಗಳಂತೆ ಜತೆಯಾಗಿ ಸಾಗುತ್ತವೆ. ಅವುಗಳ ಮೇಲೆ ಗಂಟಲಾಳದ ಗರ್ಜನೆ ಏಳುತ್ತದೆ. ಇದು ಬರಿಯ ಕಿರುಚಾಟವೆಂದು ತಿಳಿಯಬಾರದು. ಉಸಿರನ್ನು ಅಳತೆಯಿಂದ ಬಿಟ್ಟು ಸ್ವರವನ್ನು ಒರಟಾಗಿಸುವ ಅಭ್ಯಾಸಸಾಧ್ಯವಾದ ಕ್ರಮವಿದು. ಇದ್ದಕ್ಕಿದ್ದಂತೆ ಆ ಭಾರವೆಲ್ಲ ಇಳಿದು, ವಿದ್ಯುತ್ತಿನ ನೆರವಿಲ್ಲದ ಗಿಟಾರು ಒಂದೇ ಮೆಲ್ಲನೆ ಮಿಡಿಯುತ್ತದೆ. ಮತ್ತೆ ಭಾರ, ಮತ್ತೆ ಮೌನ. ನಡುವೆ, ಡ್ರಮ್ಮು ಬಾರಿಸುವ ನೂರ್ಡಿನನೇ ನುಡಿಸಿದ ಪಿಯಾನೋ ಕೃತಿಯೊಂದು ಮೂರು ನಿಮಿಷ ಬರುತ್ತದೆ. ಬೆಳಕಿನ ಪಕ್ಕದಲ್ಲಿಟ್ಟಾಗಲೇ ಕತ್ತಲೆಯ ಆಳ ತಿಳಿಯುವುದೆಂಬುದನ್ನು ಈ ತರುಣರು ಚೆನ್ನಾಗಿ ಅರಿತಿದ್ದರು.

ದೋಷಗಳಿಲ್ಲವೆಂದಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಬೆಸುಗೆ ಹಲವೆಡೆ ಒರಟಾಗಿದೆ. ಒಳ್ಳೆಯ ಧಾಟಿಯೊಂದು ಮನಸ್ಸಿನಲ್ಲಿ ನಿಲ್ಲುವ ಮೊದಲೇ ಮತ್ತೊಂದು ಬಂದು ಅದನ್ನು ತಳ್ಳುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಕೂಡಿಟ್ಟುದೆಲ್ಲವನ್ನೂ ಒಮ್ಮೆಗೇ ಹೇಳಿಬಿಡುವ ಆತುರ ಅದು.

ಇಷ್ಟು ದೀರ್ಘವಾದ ಚೊಚ್ಚಲ ಕೃತಿಗೆ ಅವಕಾಶ ದೊರೆತುದಾದರೂ ಹೇಗೆ? ಇದನ್ನು ಹೊರತಂದುದು ‘ಕ್ಯಾಂಡಲ್‌ಲೈಟ್’ ಎಂಬ ಇಂಗ್ಲೆಂಡಿನ ಒಂದು ಸಣ್ಣ ಸ್ವತಂತ್ರ ಕಂಪನಿ. ದೊಡ್ಡ ಕಂಪನಿಗಳು ಬಹು ಹಣ ಹೂಡುತ್ತವೆ. ಆದುದರಿಂದ ರೇಡಿಯೋಗೆ ಹೊಂದುವಂತೆ ಗೀತೆಯನ್ನು ಕತ್ತರಿಸೆನ್ನುತ್ತವೆ. ಸಣ್ಣ ಕಂಪನಿ ಹೂಡುವುದೂ ಕಡಮೆ, ಬಯಸುವ ಮಾರಾಟವೂ ಕಡಮೆ. ಬಡತನದಿಂದ ಬರುವ ಸ್ವಾತಂತ್ರ್ಯವೂ ಒಂದುಂಟು. ಆಲ್ಬಮಿನ ಮೊದಲ ಮುದ್ರಣದ ಮುಖಪುಟದಲ್ಲಿ ಒಂದು ಆರ್ಕಿಡ್ ಹೂವಿನ ಚಿತ್ರವಿದ್ದಿತೇ ಹೊರತು ತಂಡದ ಹೆಸರು ಕೂಡ ಇರಲಿಲ್ಲ. ಇದೇ ತಂಡ ೨೦೧೦ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕಛೇರಿ ನಡೆಸಿತು.

ಇನ್ನು ಸ್ವಂತದ ಒಂದು ಮಾತು, ವಾಚಕರು ಕ್ಷಮಿಸಬೇಕು. ನಾನು ಎರಡನೆಯ ವರ್ಷದಲ್ಲಿ ಓದುತ್ತಿದ್ದಾಗ ನನ್ನ ಅಜ್ಜಿ ತೀರಿಕೊಂಡಳು. ಪರೀಕ್ಷೆ ಮುಗಿಸಿ ಊರು ಸೇರುವ ಹೊತ್ತಿಗೆ, ಅಂಗಳದಲ್ಲಿ ನನ್ನ ಸೋದರತ್ತೆ ಹಾಡಿಕೊಂಡು ಅಳುತ್ತಿದ್ದಳು. ಅಜ್ಜಿ ಕಳೆ ಕಿತ್ತುದು, ಸಾಲ ತೀರಿಸಿದುದು, ಮೊಮ್ಮಗನನ್ನು ಕಾಲೇಜಿಗೆ ಕಳುಹಿಸಲು ಓಲೆ ಅಡವಿಟ್ಟುದು, ಎಲ್ಲವನ್ನೂ ಅವಳು ಧಾಟಿ ಕಟ್ಟಿ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ನನ್ನೊಡನೆ ಬಂದಿದ್ದ ಪಟ್ಟಣದ ಸ್ನೇಹಿತರ ಮುಂದೆ ಆ ಅಳುವಿಗಾಗಿ ನಾನು ನಾಚಿಕೊಂಡೆನು. ‘ಸಾಕು ಸುಮ್ಮನಿರತ್ತೆ’ ಎಂದೂ ಹೇಳಿದೆನು. ನನ್ನ ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ.

ಆರು ತಿಂಗಳ ಮೇಲೆ, ಹಾಸ್ಟೆಲಿನ ಮಿತ್ರನೊಬ್ಬನ ಮೊಬೈಲಿನಲ್ಲಿ ‘ಆರ್ಕಿಡ್’ ಕೇಳಿದೆನು. ಭಾಷೆ ತಿಳಿಯಲಿಲ್ಲ, ಗರ್ಜನೆಯಲ್ಲಿ ಇಂಗ್ಲಿಷ್ ಬಲ್ಲವರಿಗೂ ಮಾತು ತಿಳಿಯುವುದು ಕಷ್ಟ. ಆದರೆ ಮೇಲೇರಿ ಒಡೆಯುವ ಸ್ವರ, ಬಳಿಕ ಇಳಿದು ಮೆಲ್ಲನೆ ನಡೆಯುವ ಧಾಟಿ, ಒಂದು ನಿಲುಗಡೆ, ಮತ್ತೆ ಏರಿಕೆ — ಇದನ್ನು ನಾನು ಮೊದಲೇ ಕೇಳಿದ್ದೆನು. ಅಂಗಳದಲ್ಲಿ ಅತ್ತೆಯ ಅಳುವಿಗಿದ್ದ ಕ್ರಮವೂ ಇದೇ. ಅಂದು ರಾತ್ರಿ ಅಜ್ಜಿಗಾಗಿ ಅತ್ತೆನು.

ಕಳೆದ ದಸರೆಯ ರಜೆಯಲ್ಲಿ ಅತ್ತೆಯ ಮುಂದೆ ಆ ಹದಿನಾಲ್ಕು ನಿಮಿಷಗಳ ಗೀತೆಯನ್ನು ಹಾಕಿದೆನು. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು: ‘ಯಾರು ಸತ್ತೋದ್ರು ಅಂತ ಮಗಾ, ಇವ್ನು ಇಂಗೆ ಅಳ್ತಾವ್ನೆ?’

ನಾನು ಓದಿದ ಯಾವ ವಿಮರ್ಶೆಯೂ ಈ ಸಂಗೀತವನ್ನು ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ. ದುಃಖಕ್ಕೂ ಒಂದು ಕ್ರಮವುಂಟು, ಅದಕ್ಕೆ ಬೇಕಾದಷ್ಟು ಹೊತ್ತನ್ನು ಕೊಡಬೇಕು. ಸ್ವೀಡನ್ನಿನ ಆ ತರುಣರಿಗೆ ಸಣ್ಣ ಕಂಪನಿಯೊಂದು ಆ ಹೊತ್ತನ್ನು ಕೊಟ್ಟಿತು. ನನ್ನ ಅತ್ತೆಗೆ ನಾನು ಕೊಡಲಿಲ್ಲ. ವಿದ್ಯೆ ಕಲಿತ ನಾವು ಗದ್ದಲವೆಂದು ತಳ್ಳಿದುದನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳುವುದು ಒಳ್ಳೆಯದೆಂದು ನನ್ನ ಸಹಪಾಠಿಗಳಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.