ಔಷಧ ವ್ಯಾಪಾರ: ವಿಜ್ಞಾನ ಓದದವರಿಗೆ ಇರುವ ದಾರಿಗಳು

ಬಿ.ಕಾಂ. ಮುಗಿಸಿ ಮನೆತನದ ಅಂಗಡಿ ನೋಡಿಕೊಳ್ಳುತ್ತಿರುವ ಯುವಕರಲ್ಲಿ ಕೆಲವರು ಔಷಧ ವ್ಯಾಪಾರಕ್ಕೆ ಹೊರಳಲು ಬಯಸುತ್ತಾರೆ. ಬಂಡವಾಳ ಹೂಡುವ ಮುನ್ನ ಚಿಲ್ಲರೆ ಹಾಗೂ ಸಗಟು ಮಾರಾಟದ ಅರ್ಹತಾ ನಿಯಮಗಳು ಬೇರೆಬೇರೆ ಎಂಬುದನ್ನು ಅರಿಯುವುದು ಅವಶ್ಯಕ.

ಚಿಲ್ಲರೆ: 1948ರ ಫಾರ್ಮಸಿ ಕಾಯಿದೆಯ 42ನೇ ಕಲಮಿನನ್ವಯ ವೈದ್ಯರ ಚೀಟಿಯ ಮೇರೆಗೆ ಔಷಧ ವಿತರಿಸುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಇದಕ್ಕೆ ಕನಿಷ್ಠ ಡಿ.ಫಾರ್ಮ್. ವಿದ್ಯಾರ್ಹತೆ ಬೇಕು. ಅದರ ಪ್ರವೇಶಕ್ಕೆ ವಾಣಿಜ್ಯ ಪದವಿ ಸಾಲದು. ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಜೀವಶಾಸ್ತ್ರ ಅಥವಾ ಗಣಿತದೊಂದಿಗೆ ವಿಜ್ಞಾನ ವಿಭಾಗದ ಪಿ.ಯು.ಸಿ. ತೇರ್ಗಡೆಯಾಗಿರಬೇಕು. ಪಿ.ಯು.ಸಿ.ಗೆ 2 ವರ್ಷ, ಡಿಪ್ಲೊಮಾಕ್ಕೆ 2 ವರ್ಷ, ಬಳಿಕ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಒಟ್ಟು ನಾಲ್ಕು ವರ್ಷಕ್ಕೂ ಮಿಕ್ಕಿದ ಅವಧಿ. ಅಷ್ಟು ಕಾಲ ಗಳಿಕೆಯಿಲ್ಲದೆ ಸಂಸಾರ ಸಾಗೀತೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಸಗಟು: 1945ರ ಔಷಧ ನಿಯಮಾವಳಿಯ 64ನೇ ನಿಯಮದಂತೆ, ಯಾವುದೇ ಮಾನ್ಯ ವಿಶ್ವವಿದ್ಯಾಲಯದ ಪದವಿಯೊಂದಿಗೆ ಔಷಧ ವ್ಯವಹಾರದಲ್ಲಿ 1 ವರ್ಷದ ಅನುಭವವುಳ್ಳವರನ್ನು ಅಥವಾ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ 4 ವರ್ಷದ ಅನುಭವವುಳ್ಳವರನ್ನು ಅರ್ಹ ವ್ಯಕ್ತಿಯೆಂದು ಪರಿಗಣಿಸಲಾಗುತ್ತದೆ. ಮಳಿಗೆ ಕನಿಷ್ಠ 10 ಚದರ ಮೀಟರ್ ಇರಬೇಕು.

ಪೂರ್ಣಾವಧಿ ಫಾರ್ಮಸಿಸ್ಟರನ್ನು ನೇಮಿಸಿಕೊಂಡು ಚಿಲ್ಲರೆ ಅಂಗಡಿಯ ಮಾಲೀಕರಾಗುವುದು ಮೂರನೆಯ ದಾರಿ. ಆದರೆ ಪ್ರಮಾಣಪತ್ರವನ್ನು ಮಾತ್ರ ಬಾಡಿಗೆಗೆ ಪಡೆದು ಗೋಡೆಗೆ ತೂಗುಹಾಕುವುದು ಕಾನೂನುಬಾಹಿರ, ಪರವಾನಗಿಯೇ ರದ್ದಾಗಬಹುದು. ಆದುದರಿಂದ ಪದವೀಧರರು ಒಂದು ವರ್ಷ ಸಗಟು ಮಳಿಗೆಯಲ್ಲಿ ದುಡಿದು, ಅನುಭವಪತ್ರ ಪಡೆದು, ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯುವುದು ಲೇಸು.