ಕೆಲಸ ಹೋದವರ ಮನೆ ಸಾಲ: ಆರು ತಿಂಗಳ ಬಿಡುವಿಗೆ ಬೆಲೆ ಎಷ್ಟು?

ಮನೆ ಸಾಲದ ಪಾಠ ಬಂದಾಗಲೆಲ್ಲ ನಾನು ತರಗತಿಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ: ಕಂತು ಕಟ್ಟುವವರ ಕೆಲಸವೇ ಹೋದರೆ ಮನೆ ಏನಾಗುತ್ತದೆ? "ಬ್ಯಾಂಕಿನವರು ಹರಾಜು ಹಾಕುತ್ತಾರೆ ಸರ್" ಎಂದು ಕೆಲವರು, "ಸರ್ಕಾರ ಮನ್ನಾ ಮಾಡುತ್ತದೆ" ಎಂದು ಕೆಲವರು ಹೇಳುತ್ತಾರೆ. ಎರಡೂ ಅವಸರದ ಉತ್ತರಗಳು. ಇವೆರಡರ ನಡುವೆ ಕಾಲಾವಕಾಶ ಎಂಬ ಮೂರನೆಯ ದಾರಿ ಇದೆ. ಅದರ ಬೆಲೆಯನ್ನು ಯಾರು ಕೊಡುತ್ತಾರೆ ಎಂಬುದನ್ನು ಕೊರೊನಾ ಕಾಲದ ಉದಾಹರಣೆಯಿಂದ ನೋಡೋಣ.

2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಹೊರಡಿಸಿತು. ಮಾರ್ಚ್‌ನಿಂದ ಮೇ ತನಕದ ಸಾಲದ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಮೇ ತಿಂಗಳಲ್ಲಿ ಈ ಅವಧಿಯನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಇದನ್ನೇ ಮೊರಟೋರಿಯಂ ಎಂದರು. ಕಂತು ಕಟ್ಟದಿದ್ದರೂ ಆ ಆರು ತಿಂಗಳು ಸಾಲಗಾರ ಸುಸ್ತಿದಾರನಾಗುವುದಿಲ್ಲ, ಆದರೆ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಪ್ರಕಟಣೆಯ ಈ ಎರಡನೆಯ ಭಾಗವನ್ನು ಎಷ್ಟೋ ಮಂದಿ ಗಮನಿಸಲಿಲ್ಲ.

ಲೆಕ್ಕ ಮಾಡೋಣ. ಸಾಲ 20 ಲಕ್ಷ ರೂಪಾಯಿ, ಬಡ್ಡಿ ವರ್ಷಕ್ಕೆ ಶೇ. 8, ಅವಧಿ 20 ವರ್ಷ, ಅಂದರೆ 240 ಕಂತು. ತಿಂಗಳ ಕಂತು ಸುಮಾರು 16,729 ರೂ. ಮೊದಲ ತಿಂಗಳ ಕಂತಿನಲ್ಲಿ 13,333 ರೂ. ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು ಬರೀ 3,396 ರೂ. ಈಗ ಸಾಲ ತೆಗೆದ ಕೂಡಲೇ ಆರು ತಿಂಗಳು ಕಂತು ಕಟ್ಟಲಿಲ್ಲ ಎಂದುಕೊಳ್ಳಿ. ಬಡ್ಡಿ ತಿಂಗಳು ತಿಂಗಳು ಅಸಲಿಗೆ ಸೇರಿ ಬಾಕಿ 20,81,345 ರೂ. ಆಗುತ್ತದೆ. ಕಂತಿನ ಮೊತ್ತ ಅಷ್ಟೇ ಇಟ್ಟರೆ ಇನ್ನು ಕಟ್ಟಬೇಕಾದದ್ದು 240 ಕಂತಲ್ಲ, ಸುಮಾರು 266. ಆರು ಕಂತು ಬಿಟ್ಟದ್ದಕ್ಕೆ 26 ಕಂತು ಹೆಚ್ಚು! ರೂಪಾಯಿಯಲ್ಲಿ ಅದು 4 ಲಕ್ಷ 38 ಸಾವಿರದಷ್ಟು.

ಇದೇ ಸಾಲದಲ್ಲಿ 2 ಲಕ್ಷ ಮಾತ್ರ ಬಾಕಿ ಉಳಿದಿರುವಾಗ ಆರು ತಿಂಗಳು ಬಿಟ್ಟರೆ ಹೆಚ್ಚುವರಿ ಹೊರೆ ಅರ್ಧ ಕಂತಿನಷ್ಟೇ. ಸಾಲದ ಆರಂಭದಲ್ಲಿ ಬಿಡುವು ಬಹಳ ದುಬಾರಿ, ಕೊನೆಯಲ್ಲಿ ಅಗ್ಗ. ಹೊಸ ಮನೆಗೆ ಸಾಲ ಮಾಡಿ ಆಗ ತಾನೇ ಒಕ್ಕಲಾದವರಿಗೇ ಪೆಟ್ಟು ಹೆಚ್ಚು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. "ಬಡ್ಡಿಯ ಮೇಲೆ ಬಡ್ಡಿ" ಎಂಬ ಮಾತು ಆಗ ಪತ್ರಿಕೆಗಳಲ್ಲೆಲ್ಲ ಬಂತು. ವಿಚಾರಣೆ ನಡೆಯುತ್ತಿದ್ದಾಗಲೇ, 2020ರ ಅಕ್ಟೋಬರ್‌ನಲ್ಲಿ, ಕೇಂದ್ರ ಸರ್ಕಾರ 2 ಕೋಟಿ ರೂ.ವರೆಗಿನ ಸಾಲಗಳಿಗೆ ಚಕ್ರಬಡ್ಡಿ ಮತ್ತು ಸರಳ ಬಡ್ಡಿಯ ವ್ಯತ್ಯಾಸವನ್ನು ತಾನೇ ತುಂಬಿಕೊಟ್ಟಿತು. 2021ರ ಮಾರ್ಚ್ 23ರ ತೀರ್ಪಿನಲ್ಲಿ ನ್ಯಾಯಾಲಯ ಎಲ್ಲ ಸಾಲಗಾರರಿಗೂ ಆ ಅವಧಿಯ ಚಕ್ರಬಡ್ಡಿ ಬೇಡ ಎಂದಿತು. ಆದರೆ ಬಡ್ಡಿಯನ್ನು ಪೂರ್ತಿ ಮನ್ನಾ ಮಾಡಲು ಒಪ್ಪಲಿಲ್ಲ. ನಮ್ಮ ಉದಾಹರಣೆಯಲ್ಲಿ ಸರಳ ಬಡ್ಡಿ 80,000, ಚಕ್ರಬಡ್ಡಿ 81,345. ವ್ಯತ್ಯಾಸ 1,345 ರೂ. ಅಷ್ಟೆಲ್ಲ ಚರ್ಚೆಯಾದ ಪರಿಹಾರ 20 ಲಕ್ಷದ ಸಾಲಗಾರನ ಕೈಗೆ ಬಂದದ್ದು ಇಷ್ಟು.

ಅದೇ 2020ರ ಮಾರ್ಚ್ 27ರಂದು ಅಮೆರಿಕದಲ್ಲಿ ಕೇರ್ಸ್ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಅಲ್ಲಿನ ಬಹುಪಾಲು ಮನೆ ಸಾಲಗಳಿಗೆ ಫೆಡರಲ್ ಸರ್ಕಾರದ ಬೆಂಬಲ ಇರುತ್ತದೆ. ಅಂಥ ಸಾಲಗಾರರು ಕೊರೊನಾದಿಂದ ಕಷ್ಟವಾಗಿದೆ ಎಂದು ತಿಳಿಸಿದರೆ 180 ದಿನ, ಮತ್ತೆ ಕೇಳಿದರೆ ಇನ್ನೂ 180 ದಿನ ಬಿಡುವು. ದಂಡವಿಲ್ಲ, ನಿಗದಿತ ಬಡ್ಡಿಗಿಂತ ಹೆಚ್ಚು ಬಡ್ಡಿಯಿಲ್ಲ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಬಿಟ್ಟುಹೋದ ಕಂತುಗಳನ್ನು ಸಾಲದ ಕೊನೆಗೆ ಬಡ್ಡಿಯಿಲ್ಲದ ಮೊತ್ತವಾಗಿ ಇಡಲು ಅವಕಾಶ ಮಾಡಿದವು. ನಮ್ಮ ಸಾಲಗಾರ ಅಲ್ಲಿದ್ದಿದ್ದರೆ ಆರು ಕಂತಿನ 1,00,374 ರೂಪಾಯಿಯನ್ನು ಕೊನೆಗೆ, ಅಥವಾ ಮನೆ ಮಾರುವಾಗ, ಹಾಗೇ ಕೊಟ್ಟರೆ ಸಾಕಿತ್ತು. ಖಾಸಗಿ ಸಾಲ ತೆಗೆದವರಿಗೆ ಈ ಕಾಯ್ದೆಯ ರಕ್ಷಣೆ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಹಾಗಾದರೆ ನಮ್ಮ ಬ್ಯಾಂಕುಗಳು ಕಟುಕರೇ? ಹಾಗೆ ಹೇಳಲಾರೆ. ಬ್ಯಾಂಕು ಕೊಡುವ ಸಾಲ ಠೇವಣಿದಾರರ ದುಡ್ಡು. ನಿವೃತ್ತ ಮೇಷ್ಟ್ರೊಬ್ಬರ ಠೇವಣಿಗೆ ಆ ಆರು ತಿಂಗಳೂ ಬಡ್ಡಿ ಕೊಡಲೇಬೇಕಿತ್ತು. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು 2008ರಿಂದ ಸರ್ಕಾರದ ಹಿಡಿತದಲ್ಲಿವೆ, ಹಾಗಾಗಿ ಅಲ್ಲಿ ಕಾಯುವ ಭಾರ ಹೊರಲು ದೊಡ್ಡ ಹೆಗಲೊಂದಿತ್ತು. ನನ್ನ ತಕರಾರು ಬೇರೆ. ನಮ್ಮ ಮೊರಟೋರಿಯಂ ಪಡೆಯಲು ಕೆಲಸ ಹೋಗಿರಬೇಕೆಂಬ ಷರತ್ತು ಇರಲಿಲ್ಲ, ಸಂಬಳ ಪೂರ್ತಿ ಬರುತ್ತಿದ್ದವರೂ ಪಡೆಯಬಹುದಿತ್ತು. ನಿಜವಾಗಿ ಕೆಲಸ ಕಳೆದುಕೊಂಡವರನ್ನು ಗುರುತಿಸಿ ಅವರಿಗಷ್ಟೇ ಹೆಚ್ಚು ಸಹಾಯ ಮಾಡಿದ್ದರೆ ಅದೇ ಹಣ ಹೆಚ್ಚು ದೂರ ಹೋಗುತ್ತಿತ್ತು. ಅಮೆರಿಕ 2010ರಲ್ಲಿ ನಿರುದ್ಯೋಗ ಹೆಚ್ಚಿದ್ದ ರಾಜ್ಯಗಳಿಗೆ ಹಾರ್ಡೆಸ್ಟ್ ಹಿಟ್ ಫಂಡ್ ಎಂಬ ನಿಧಿ ಕೊಟ್ಟಿತ್ತು. ಕೆಲಸವಿಲ್ಲದವರ ಮನೆ ಕಂತಿಗೆ ಅದರಿಂದ ನೆರವು ಸಿಗುತ್ತಿತ್ತು. ನಮ್ಮಲ್ಲಿ ಇದಕ್ಕೆ ಸ್ವಲ್ಪ ಹತ್ತಿರವಾದದ್ದು ಇಎಸ್‌ಐ ಇರುವ ಕಾರ್ಮಿಕರಿಗಾಗಿ 2018ರಲ್ಲಿ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. ಕೆಲಸ ಹೋದಾಗ 90 ದಿನಗಳವರೆಗೆ ನೀಡುವ ಭತ್ಯೆಯನ್ನು 2020ರಲ್ಲಿ ಸರಾಸರಿ ವೇತನದ ಶೇ. 25ರಿಂದ 50ಕ್ಕೆ ಏರಿಸಿದರು. ಕೊಲ್ಲಿ ದೇಶಗಳಿಂದ ಕೆಲಸ ಬಿಟ್ಟು ಬಂದವರಿಗೆ ಅದು ಅನ್ವಯಿಸುವುದಿಲ್ಲ. ನಮ್ಮ ಎಷ್ಟೋ ವಿದ್ಯಾರ್ಥಿಗಳ ಮನೆಯ ಕಥೆ ಅದೇ.

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 280ನೇ ವಚನ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕೆಂದು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದೆಂದು ತಿಳಿಸುತ್ತದೆ. ಅದರ ಹಿಂದಿನ ವಚನಗಳು ಬಡ್ಡಿಯನ್ನು ನಿಷೇಧಿಸುವಂಥವು. ಆದ್ದರಿಂದ ಅಲ್ಲಿ ಹೇಳಿರುವ ಕಾಲಾವಕಾಶ ಸಾಲವನ್ನು ಬೆಳೆಸುವ ಕಾಲಾವಕಾಶವಲ್ಲ. ದೀನಿಯಾತ್ ತರಗತಿಯಲ್ಲಿ ಇದನ್ನು ಓದಿದವರು ಮೇಲಿನ 4 ಲಕ್ಷ 38 ಸಾವಿರವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.

ಮನೆಯಲ್ಲಿ ಇಂಥ ಪರಿಸ್ಥಿತಿ ಬಂದರೆ ಮಾಡಬೇಕಾದದ್ದು: ಮೊದಲ ಕಂತು ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೋಗಿ ಲಿಖಿತ ಅರ್ಜಿ ಕೊಟ್ಟು ಅವಧಿ ವಿಸ್ತರಣೆ ಕೇಳಬೇಕು, ಸ್ವೀಕೃತಿ ಪಡೆಯಬೇಕು. 90 ದಿನ ಮೀರಿದರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ. ಆ ನೋಟಿಸನ್ನು ಹೆದರಿ ಕಪಾಟಿನಲ್ಲಿ ಇಡಬೇಡಿ ಎಂದು ಹೇಳಿ. ಅದಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸುವ ಹಕ್ಕು ಸಾಲಗಾರನಿಗಿದೆ, ಒಪ್ಪದಿದ್ದರೆ ಬ್ಯಾಂಕು 15 ದಿನಗಳೊಳಗೆ ಕಾರಣ ತಿಳಿಸಬೇಕು. ಬ್ಯಾಂಕು ಮನೆ ವಶಕ್ಕೆ ಪಡೆಯಲು ಮುಂದಾದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಬಾಕಿ 12 ಲಕ್ಷ, ಬಡ್ಡಿ ಶೇ. 9, ಮೂರು ತಿಂಗಳ ಬಿಡುವು. ಬಾಕಿಗೆ ಸೇರುವ ಬಡ್ಡಿ ಎಷ್ಟು? ಸರಳ ಬಡ್ಡಿಗೂ ಚಕ್ರಬಡ್ಡಿಗೂ ವ್ಯತ್ಯಾಸ ಎಷ್ಟು? ಉತ್ತರ ಬರೆದುಕೊಂಡು ಸ್ಟಾಫ್ ರೂಮಿಗೆ ಬನ್ನಿ.